ಬೆಂಕಿಗೂಡಿಗೊಂದು ಒಲೆ

ಬೂದಿಗೆರೆಯಲ್ಲಿ ಹೊಸ ಮನೆ ಕಟ್ಟಿಸಿದವರಿಗೇನೂ ಬರವಿಲ್ಲ. ವಿಮಾನ ನಿಲ್ದಾಣ ಬಂದ ಮೇಲಂತೂ ಊರಿನ ಹೆಂಚಿನ ಮನೆಗಳೆಲ್ಲ ಒಂದೊಂದಾಗಿ ತಾರಸಿ ಮನೆಗಳಾಗಿ ಎದ್ದು ನಿಂತವು. ಆದರೆ ನಡುಮನೆಯ ಗೋಡೆಯಲ್ಲಿ ಬೆಂಕಿ ಹಾಕುವುದಕ್ಕೆಂದೇ ಒಂದು ಗೂಡು ಕಟ್ಟಿಸಿದವನು ಇಡೀ ಊರಿಗೆ ಬೈರಣ್ಣ ಒಬ್ಬನೇ.

ಅದಕ್ಕೊಂದು ಕಾರಣವಿತ್ತು. ಅವನ ಹೊಲ ಕೊಂಡವರು ಅಲ್ಲಿ ವಿಲ್ಲಾಗಳನ್ನು ಎಬ್ಬಿಸಿ, ಮಾದರಿ ಮನೆ ನೋಡಲು ಊರಿನ ನಾಲ್ಕು ಜನರನ್ನು ಕರೆದಿದ್ದರು. ತಾನು ಅವರೆ ಬಿತ್ತುತ್ತಿದ್ದ ಜಾಗದಲ್ಲಿ ಈಗ ಸೋಫಾ ಹಾಕಿತ್ತು. ಎದುರಿನ ಗೋಡೆಯ ಗೂಡಿನಲ್ಲಿ ಕೆಂಪಗೆ ಬೆಂಕಿ ಉರಿಯುತ್ತಿತ್ತು. ಬೈರಣ್ಣ ಚಳಿ ಕಾಯಿಸಿಕೊಳ್ಳಲು ಕೈ ಚಾಚಿದರೆ ತಣ್ಣಗೆ! ಅದು ಕರೆಂಟಿನ ಬೆಂಕಿ, ಬರೀ ಬೆಳಕು. ಮನೆಗೆ ಬಂದವನೇ, "ಅವ್ರು ಸುಳ್ಳು ಬೆಂಕಿ ಇಟ್ಕೊಂಡವ್ರೆ ಕಣಮ್ಮಿ. ನಮ್ಮನೇಲಿ ನಿಜವಾದ್ದು ಇರ್ಬೇಕು" ಎಂದು ಹೆಂಡತಿಗೆ ಹೇಳಿದ. ಹೇಳಿದ ಮೇಲೆ ಮುಗಿಯಿತು, ಬೈರಣ್ಣನ ಹಟ ಊರಿಗೇ ಗೊತ್ತು.

ಎಂಜಿನಿಯರು ಅದನ್ನು ಫೈರ್‌ಪ್ಲೇಸ್ ಅಂದ. ಬೈರಣ್ಣ ಬೆಂಕಿಗೂಡು ಅಂದ. ಗೃಹಪ್ರವೇಶಕ್ಕೆ ಬಂದ ಪಕ್ಕದ ಮನೆಯ ಅಮ್ಮಯಮ್ಮ ಅದು ದೇವರ ಗೂಡೆಂದು ತಿಳಿದು, ಒಂದು ಸೇವಂತಿಗೆ ಇಟ್ಟು ಕೈ ಮುಗಿದು, "ಯಾವ ದೇವ್ರಮ್ಮಿ ಇಲ್ಲಿಗೆ ಬರೋದು?" ಎಂದು ಕೇಳಿದಳು. ಕೇಳಿದ್ದಷ್ಟೇ ಅಲ್ಲ, ಮನೆಯನ್ನೆಲ್ಲ ಸುತ್ತಿ ನೋಡಿ ಮೂರು ಸಲ ಲೊಚಗುಟ್ಟಿದಳು. ಅಮ್ಮಯಮ್ಮನ ಲೊಚಗುಟ್ಟುವಿಕೆ ಎಂದರೆ ಬೈರಣ್ಣನ ಹೆಂಡತಿ ವರಲಕ್ಷ್ಮಮ್ಮನಿಗೆ ಭಯ. ಅವತ್ತೇ ಸಂಜೆ ಗಾರೆಯವನನ್ನು ತಾರಸಿಗೆ ಹತ್ತಿಸಿ, ಸುಣ್ಣ ಬಳಿದು ಕಣ್ಣು, ಹಲ್ಲು, ಹುರಿ ಮೀಸೆ ಬರೆದ ದೃಷ್ಟಿ ಮಡಕೆಯೊಂದನ್ನು ಮನೆಯ ಅತಿ ಎತ್ತರದ ಜಾಗದಲ್ಲಿ ಬೋರಲು ಹಾಕಿಸಿದಳು. ಗಾಳಿಗೆ ಬೀಳಬಾರದೆಂದು ಸುತ್ತ ಸಿಮೆಂಟನ್ನೂ ಮೆತ್ತಿಸಿದಳು. ಬೀದಿಯಲ್ಲಿ ಎಲ್ಲರ ತಾರಸಿಯ ಮೇಲೂ ಒಂದೊಂದು ಇಂಥ ಮಡಕೆ ಇದ್ದುದರಿಂದ ಅದನ್ನು ಯಾರೂ ತಲೆ ಎತ್ತಿ ನೋಡಲಿಲ್ಲ.

ಬೆಂಕಿಗೂಡಿನ ಮೇಲೆ ವರಲಕ್ಷ್ಮಮ್ಮನಿಗೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳ ಸಂಕಟವೇ ಬೇರೆ. ಹಳೇ ಮನೆ ಕೆಡವಿದಾಗ ಹಿತ್ತಿಲಿನ ಸೌದೆ ಒಲೆಯೂ ಮಣ್ಣಾಗಿತ್ತು. ಮದುವೆಯಾಗಿ ಬಂದ ಮಾರನೇ ದಿನದಿಂದ ಆ ಒಲೆಯ ಮುಂದೆ ಕೂತು ಮುದ್ದೆ ತಿರುವಿದ ಕೈ ಅವಳದು. ಹೊಸ ಮನೆಯ ಅಡುಗೆಮನೆ ಸೊಸೆ ಅನಸೂಯಳದು. ಗ್ಯಾಸು, ಮಿಕ್ಸಿ, ಮುಖ ಕಾಣುವಷ್ಟು ಒರೆಸಿಟ್ಟ ಕಪ್ಪು ಕಲ್ಲಿನ ಕಟ್ಟೆ. ಅತ್ತೆ ಒಂದೇ ಸಲ ಅಲ್ಲಿ ಮುದ್ದೆಗೆ ಎಸರಿಟ್ಟು, ಕೋಲು ಹಾಕಿ ತಿರುವಿದ ರಭಸಕ್ಕೆ ಗ್ಯಾಸಿನ ಒಲೆಯೇ ಜಾರಿ ಕಟ್ಟೆಯಿಂದ ಕೆಳಗೆ ಬಿತ್ತು. ಆಮೇಲೆ ಅನಸೂಯ ಕುಕ್ಕರಿನಲ್ಲಿ ಮುದ್ದೆ ಮಾಡುವುದನ್ನು ಕಲಿತಳು. ಅವಳೇನೂ ಕೆಟ್ಟವಳಲ್ಲ. ದೇವನಹಳ್ಳಿಯಲ್ಲಿ ಒಂದು ಸಹಕಾರ ಸಂಘದ ಕಚೇರಿಯಲ್ಲಿ ಕೆಲಸ, ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿಟ್ಟು, ಹೊರಡುವಾಗ ಪ್ರತಿದಿನ ಅದೇ ಮಾತು:

"ಅತ್ತೆ, ನೀವೇನೂ ಮಾಡ್ಬೇಡಿ. ಆರಾಮಾಗಿ ಕೂತ್ಕೊಳ್ಳಿ."

ಆ ಆರಾಮೇ ವರಲಕ್ಷ್ಮಮ್ಮನಿಗೆ ಕಾಯಿಲೆಯಾಗಿತ್ತು. ಕೂತರೆ ಕಾಲು ಜೋಮು, ಎದ್ದರೆ ಮಾಡುವುದಕ್ಕೆ ಏನೂ ಇಲ್ಲ. ಕುಕ್ಕರಿನ ಮುದ್ದೆಯನ್ನು ಅವಳು ಒಂದು ಮಾತೂ ಆಡದೆ ನುಂಗುತ್ತಿದ್ದಳು, ಬೈರಣ್ಣನೂ ನುಂಗುತ್ತಿದ್ದ. ಈ ಮನೆಯಲ್ಲಿ ಯಾರಿಗೂ ತನ್ನ ಕೈಯ ಅಗತ್ಯವಿಲ್ಲ ಎಂಬುದು ಮಾತ್ರ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಚಳಿಗಾಲ ಬಂತು. ಮಂಜು ಬಿದ್ದು ವಿಮಾನಗಳೆಲ್ಲ ತಡವಾಗತೊಡಗಿದವು. ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸಕ್ಕಿದ್ದ ಮಗ ಉಮಾಶಂಕರ ನಡುಗುತ್ತಾ ಮನೆಗೆ ಬರತೊಡಗಿದ. ಬೈರಣ್ಣ ಇದೇ ಒಳ್ಳೇ ಗಳಿಗೆಯೆಂದು ಒಂದು ಭಾನುವಾರ ಬೆಳಿಗ್ಗೆ ಗೂಡಿನಲ್ಲಿ ನೀಲಗಿರಿ ಸೌದೆ ಜೋಡಿಸಿ, ಎಲ್ಲರನ್ನೂ ಎದುರಿಗೆ ಕೂರಿಸಿ, ಕರ್ಪೂರ ಹಚ್ಚಿ ಒಳಗೆ ಹಾಕಿದ.

ಬೆಂಕಿ ಚೆನ್ನಾಗಿಯೇ ಹತ್ತಿತು. ಹೊಗೆಯೂ ಎದ್ದಿತು. ಮೇಲಕ್ಕೆ ಹೋದ ಹೊಗೆ ಅಲ್ಲೇನೋ ಯೋಚನೆ ಮಾಡಿದಂತೆ ಒಂದು ಗಳಿಗೆ ನಿಂತು, ಅಷ್ಟೇ ಜೋರಾಗಿ ಕೆಳಕ್ಕೆ ಬಂತು. ನೋಡುನೋಡುತ್ತಿದ್ದಂತೆ ನಡುಮನೆಯಲ್ಲಿ ಯಾರಿಗೆ ಯಾರೂ ಕಾಣದಂತಾಯಿತು. ಪಿಯುಸಿ ಓದುತ್ತಿದ್ದ ಮೊಮ್ಮಗಳು ಕೀರ್ತನ ಕೆಮ್ಮುತ್ತಾ ಬಾಗಿಲು ಹುಡುಕಿದಳು. ಕಿಟಕಿಯಿಂದ ಹೊಗೆ ಬರುವುದನ್ನು ಕಂಡ ಅಮ್ಮಯಮ್ಮ, "ಅಯ್ಯೋ, ಬೈರಣ್ಣನ ಮನೆ ಹತ್ಕೊಂತು ಬನ್ರಪ್ಪೋ" ಎಂದು ಬೀದಿಗೆಲ್ಲ ಕೂಗಿ, ಕೊಡ ತುಂಬಾ ನೀರು ತಂದು ಗೂಡಿಗೂ, ಗೂಡಿನ ಮುಂದಿದ್ದ ಬೈರಣ್ಣನಿಗೂ ಸೇರಿಸಿ ಸುರಿದಳು. ಮಾರನೇ ದಿನ ಬೈರಣ್ಣ ತನ್ನ ಹಸುವಿನ ಹಾಲು ಹಾಕಲು ಡೇರಿಗೆ ಹೋದಾಗ ಯಾರೋ "ಹೊಗೆ ಬೈರಣ್ಣ ಬಂದ್ರು, ದಾರಿ ಬಿಡ್ರಪ್ಪಾ" ಎಂದರು. ಆ ಹೆಸರು ನಿಂತುಬಿಟ್ಟಿತು.

ಅಂದು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ರಾಮಾಯಣ ಶುರುವಾಯಿತು.

"ಮುಚ್ಚಿಸಿಬಿಡೋಣ ಮಾವ. ಆ ಜಾಗದಲ್ಲಿ ಟೀವಿಗೆ ಶೋಕೇಸ್ ಮಾಡಿಸಿದ್ರೆ ಚೆನ್ನಾಗಿರುತ್ತೆ," ಎಂದಳು ಅನಸೂಯ.

"ಮೊದ್ಲು ನನ್ನ ಮುಚ್ಚಮ್ಮ, ಆಮೇಲೆ ಅದ ಮುಚ್ಚೀವಂತೆ," ಎಂದ ಬೈರಣ್ಣ.

"ಸೋಫಾ ಕವರೆಲ್ಲ ಹೊಗೆ ವಾಸ್ನೆ. ಮೂರು ಸಲ ಒಗ್ದೆ."

"ನಾಲ್ಕನೇ ಸಲ ನಾನು ಒಗೀತೀನಿ ಕೊಡು."

ಉಮಾಶಂಕರ ಹೆಂಡತಿಗೂ ಬೇಡವಾಗದೆ, ಅಪ್ಪನಿಗೂ ಬೇಡವಾಗದೆ ಬದುಕುವ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದ. ಸಾರಿನಲ್ಲಿ ಅವರೆಕಾಳು ಹುಡುಕುತ್ತಾ, "ಇದಕ್ಕೊಂದು ದಾರಿ ಐತೆ. ಫಾರಿನ್ನಲ್ಲಿ ಇಂಥಾ ಗೂಡು ಹೊಗೆ ಕಾರಿದ್ರೆ ಅದರೊಳಕ್ಕೆ ಒಂದು ಕಬ್ಬಿಣದ ಒಲೆ ತಳ್ಳಿಬಿಡ್ತಾರಂತೆ. ಒಲೆಗೆ ಬಾಗ್ಲು ಇರುತ್ತೆ. ಒಲೆ ತಲೆಯಿಂದ ಒಂದು ಪೈಪು ಚಿಮಣಿ ಒಳಗಿಂದಾನೇ ಮೇಲ್ತನಕ ಹೋಗುತ್ತೆ. ಹೊಗೆ ಮನೆಯೊಳಕ್ಕೆ ಬರೋ ಮಾತೇ ಇಲ್ಲ," ಎಂದು ಫೋನಿನಲ್ಲಿ ಚಿತ್ರ ತೋರಿಸಿದ.

ಚಿತ್ರದಲ್ಲಿ ಎರಡು ಬಗೆಯ ಒಲೆಗಳಿದ್ದವು. ಒಂದು ಗೋಡೆಗೆ ಸಮನಾಗಿ ಕೂತು, ಮುಂದೆ ಪೂರಾ ಗಾಜಿನ ಬಾಗಿಲಿದ್ದದ್ದು. ಇನ್ನೊಂದು ಗೂಡಿನಿಂದ ಒಂದು ಗೇಣು ಮುಂದಕ್ಕೆ ಚಾಚಿ, ಮೇಲೆ ಚಪ್ಪಟೆ ಕಬ್ಬಿಣದ ತಗಡಿದ್ದದ್ದು. ಅನಸೂಯ ಗಾಜಿನದನ್ನು ನೋಡಿ, "ಇದು ಚೆನ್ನಾಗಿದೆ, ಬಂದೋರಿಗೆ ಬೆಂಕಿ ಕಾಣುತ್ತೆ," ಎಂದಳು. ವರಲಕ್ಷ್ಮಮ್ಮ ಕನ್ನಡಕ ಏರಿಸಿ ಎರಡನೆಯದನ್ನೇ ನೋಡಿದಳು. ಆ ತಗಡಿನ ಮೇಲೆ ಒಂದು ಮಡಕೆ ಸಲೀಸಾಗಿ ಕೂರುತ್ತದೆ ಎಂದು ಅವಳ ಕಣ್ಣು ಅಳೆದುಬಿಟ್ಟಿತು. ಆ ಒಲೆ ತನಗೆ ಬೇಕೇ ಬೇಕು ಎಂದು ಅವಳಿಗೆ ಅನ್ನಿಸಿತು, ಆದರೆ ಬಾಯಲ್ಲಿ ಬಂದದ್ದು ಮಾತ್ರ, "ಗಾಜಿಗೆ ಮಸಿ ಹಿಡಿದ್ರೆ ದಿನಾ ಒರೆಸೋರು ಯಾರು?" ಎಂಬ ಪ್ರಶ್ನೆ.

ಅನಸೂಯ ಮುದ್ದೆ ಮುರಿಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿ ಯೋಚಿಸಿದಳು.

ಮಾರನೇ ವಾರವೆಲ್ಲ ಅಳತೆಯ ಕಾಟ. ಬೈರಣ್ಣ ಗೂಡಿನೊಳಗೆ ತಲೆ ತೂರಿಸಿ ಗೇಣು ಹಾಕಿ, "ಅಗಲ ಮೂರೂವರೆ ಗೇಣು" ಎಂದು ಸಾರಿದ.

"ಯಾರ ಗೇಣು ಅಪ್ಪ? ಅಂಗಡಿಯವನಿಗೆ ನಿನ್ನ ಕೈ ಕಳಿಸ್ಲಾ?" ಎಂದು ಉಮಾಶಂಕರ ಟೇಪು ತಂದು, ಗೂಡಿನ ಬಾಯಿಯ ಅಗಲ ಎತ್ತರ ಅಳೆದು ಗೋಡೆಯ ಮೇಲೇ ಪೆನ್ಸಿಲಿನಲ್ಲಿ ಬರೆದ. ಅನಸೂಯ ಗೋಡೆಯ ಮೇಲೆ ಬರೆದದ್ದಕ್ಕೆ ಬೇರೆ ಜಗಳ ತೆಗೆದಳು.

"ಮುಂದ್ಗಡೆ ಮಾತ್ರ ಅಳ್ದಿದ್ದೀಯ," ಎಂದಳು ವರಲಕ್ಷ್ಮಮ್ಮ. "ಒಳಗೆ ಹೋಗ್ತಾ ಹೋಗ್ತಾ ಕಿರಿದಾಗೈತೆ ಕಣೋ. ಮಸಿ ಗುಡಿಸ್ದೋಳು ನಾನು, ನಂಗೊತ್ತಿಲ್ವಾ? ಬಾಯಿಗೆ ಸರಿಹೋಗೋದು ಹಿಂದಕ್ಕೆ ಹೋಗಲ್ಲ, ಅರ್ಧಕ್ಕೇ ಸಿಕ್ಕಾಕ್ಕೊಂಡು ಬಿಡುತ್ತೆ."

ಹೌದಾಗಿತ್ತು. ಹಿಂದಿನ ಅಗಲ ಮುಂದಿನದಕ್ಕಿಂತ ಕಡಿಮೆಯಿತ್ತು. ಕೊನೆಗೆ ಅವಳದೇ ಸಲಹೆಯಂತೆ ಹೊಸ ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕೀರ್ತನ ಕತ್ತರಿಸಿ ಎರಡು ರಟ್ಟಿನ ಒಲೆ ಮಾಡಿದಳು. ಒಂದು ಗಾಜಿನ ಬಗೆಯದು, ಒಂದು ತಗಡಿನ ಬಗೆಯದು. ಎರಡನ್ನೂ ಸರದಿಯಲ್ಲಿ ಗೂಡಿಗೆ ತಳ್ಳಿ ನೋಡಿದರು.

"ತಗಡಿಂದೇ ಸಕತ್ತಾಗಿದೆ ತಾತ. ಗಾಜಿಂದು ಓವನ್ ಥರ ಇದೆ," ಎಂದಳು ಕೀರ್ತನ.

"ಆದ್ರೆ ಒಂದು ಮಾತು ಈಗ್ಲೇ ಹೇಳ್ತೀನಿ," ಎಂದಳು ಅನಸೂಯ. "ಅದರ ಮೇಲೆ ಪಾತ್ರೆ ಗೀತ್ರೆ ಇಡೋ ಹಾಗಿಲ್ಲ. ನಡುಮನೇಲಿ ಅಡುಗೆ ಮಾಡಿದ್ರೆ ಬಂದೋರು ಏನಂತಾರೆ?"

"ಯಾರಿಡ್ತಾರಮ್ಮ ಅಲ್ಲಿ," ಎಂದಳು ವರಲಕ್ಷ್ಮಮ್ಮ, ಮುಖ ಆ ಕಡೆ ತಿರುಗಿಸಿ.

ಎಲ್ಲರೂ ಅವರವರ ಕೆಲಸಕ್ಕೆ ಹೋದ ಒಂದು ಮಧ್ಯಾಹ್ನ ಅವಳು ಅಟ್ಟದಿಂದ ಹಳೇ ಮುದ್ದೆ ಮಡಕೆಯನ್ನೂ ಕೋಲನ್ನೂ ಇಳಿಸಿದಳು. ಮಡಕೆಯನ್ನು ಆ ರಟ್ಟಿನ ಒಲೆಯ ಮೇಲಿಟ್ಟಳು. ರಟ್ಟು ಬಗ್ಗೀತೆಂದು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಖಾಲಿ ಮಡಕೆಯಲ್ಲೇ ಕೋಲನ್ನು ತಿರುವಿದಳು. ಎತ್ತರ ಸರಿಯಿತ್ತು, ಭುಜ ನೋಯಲಿಲ್ಲ. ಸ್ವಲ್ಪ ಹೊತ್ತು ತಿರುವಿ, ತನ್ನ ಹುಚ್ಚಿಗೆ ತಾನೇ ನಕ್ಕು, ಎಲ್ಲವನ್ನೂ ಅಟ್ಟಕ್ಕೆ ಏರಿಸಿದಳು.

ಮುಂದಿನ ಭಾನುವಾರ ಎಲ್ಲರೂ ಬೆಂಗಳೂರಿನ ಒಂದು ದೊಡ್ಡ ಅಂಗಡಿಗೆ ಹೋದರು. ಟೈ ಕಟ್ಟಿದ ಹುಡುಗನೊಬ್ಬ ಪರದೇಶದ ಒಲೆಗಳನ್ನು ತೋರಿಸಿ, ಬೈರಣ್ಣನನ್ನು ಸರ್ ಸರ್ ಎಂದು ಕೂರಿಸಿ, ಉಮಾಶಂಕರನ ಅಳತೆಗಳನ್ನೆಲ್ಲ ಕೇಳಿಕೊಂಡ. ಆಮೇಲೆ ಒಂದು ಪ್ರಶ್ನೆ ಕೇಳಿದ.

"ಚಿಮಣಿ ಮೇಲೆ ಏನಾದ್ರೂ ಮುಚ್ಚಿದೀರಾ ಸರ್? ಕೆಲವು ಕಡೆ ಮೇಲ್ಗಡೆ ಮುಚ್ಚಿರುತ್ತೆ, ಅದಕ್ಕೇ ಹೊಗೆ ವಾಪಸ್ ಬರುತ್ತೆ. ಅದನ್ನ ತೆಗೆದ್ರೆ ಸಾಕು, ಒಲೆನೇ ಬೇಕಾಗಲ್ಲ."

"ಏನೂ ಇಲ್ಲ, ಹೊಸಾ ಮನೆ," ಎಂದ ಉಮಾಶಂಕರ.

ವರಲಕ್ಷ್ಮಮ್ಮನ ಕಣ್ಣ ಮುಂದೆ ಹುರಿ ಮೀಸೆಯ ಮಡಕೆ ಬಂದು ನಿಂತಿತು. ಮನೆಯ ಅತಿ ಎತ್ತರದ ಜಾಗ! ಗಾರೆಯವನು ಅವತ್ತು ಅದನ್ನು ಬೋರಲು ಹಾಕಿ ಸಿಮೆಂಟು ಮೆತ್ತಿದ್ದು ಚಿಮಣಿಯ ಬಾಯಿಗೇ. ಅವಳು ಅದನ್ನು ಒಂದು ಕಂಬವೆಂದುಕೊಂಡಿದ್ದಳು. ಹೇಳಬೇಕೆಂದು ಬಾಯಿ ತೆರೆದಳು. ಒಲೆನೇ ಬೇಕಾಗಲ್ಲ ಎಂದ ಹುಡುಗನ ಮಾತು ಕಿವಿಯಲ್ಲಿ ಇತ್ತು. ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿಕೊಂಡಳು. ಬೈರಣ್ಣನ ಕಡೆ ನೋಡಿದರೆ ಅವನು ಬೆಲೆಯ ಚೀಟಿಯನ್ನೇ ಭಾರೀ ಗಂಭೀರವಾಗಿ ಓದುತ್ತಿದ್ದ. ಅದು ಇಂಗ್ಲಿಷಿನಲ್ಲಿತ್ತು, ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಬೆಲೆ ಏನೆಂದು ಉಮಾಶಂಕರ ಓದಿ ಹೇಳಿದ ಮೇಲೆ ಎಲ್ಲರೂ ಒಟ್ಟಿಗೇ ಎದ್ದರು. ಕಾರಿನಲ್ಲಿ ಬೈರಣ್ಣನೇ ಕೊನೆಗೆ, "ಹೊಸಕೋಟೇಲಿ ಸಂಜೀವಪ್ಪ ಅವ್ನೆ. ಹೋಟ್ಲು, ಛತ್ರಕ್ಕೆಲ್ಲ ಒಲೆ ಮಾಡಿಕೊಡ್ತಾನೆ. ಅಳತೆ ಕೊಟ್ರೆ ಇಂಥದ್ದೇ ಬೆಸುಗೆ ಹಾಕ್ತಾನೆ," ಎಂದ.

"ಗಾಜು?" ಎಂದಳು ಅನಸೂಯ.

"ಬಾಗ್ಲಲ್ಲಿ ಒಂದು ಅಂಗೈ ಅಗಲ ಗಾಜು ಹಾಕ್ಸಾನ. ನಿನ್ನ ನೆಂಟರು ಬಗ್ಗಿ ನೋಡ್ಲಿ."

ಒಪ್ಪಂದವಾಯಿತು. ಸಂಜೀವಪ್ಪನಿಗೆ ಮುಂಗಡ ಕೊಟ್ಟದ್ದೂ ಆಯಿತು. ಆದರೆ ಅಲ್ಲಿಂದ ವರಲಕ್ಷ್ಮಮ್ಮನಿಗೆ ನೆಮ್ಮದಿ ಹಾರಿಹೋಯಿತು. ಅಂಗಡಿಗೆ ಹೋದರೂ, ಹೂವು ಕೊಳ್ಳಲು ನಿಂತರೂ, ತಾರಸಿಯ ಮೇಲಿನ ಮಡಕೆ ಅವಳನ್ನೇ ನೋಡುತ್ತಿತ್ತು. ಅದು ನೋಡಿದರೂ ಸಹಿಸಬಹುದಿತ್ತು. ಡೇರಿಯಿಂದ ಬರುವ ಗಂಡನನ್ನು ಹುಡುಗರು "ಹೊಗೆ ಬೈರಣ್ಣ, ಇವತ್ತು ಎಷ್ಟು ಲೀಟರ್ ಹೊಗೆ?" ಎಂದು ಕೆಣಕುವುದು, ಅವನು ಏನೂ ಅನ್ನದೆ ಕ್ಯಾನು ಅಲ್ಲಾಡಿಸುತ್ತಾ ಬರುವುದು ಅವಳ ಹೊಟ್ಟೆಗೆ ಬೆಂಕಿ ಇಟ್ಟಂತಾಗುತ್ತಿತ್ತು. ಅವನ ಗೂಡಿನಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪೆಲ್ಲ ಅವಳ ಮಡಕೆಯದು. ಅದನ್ನು ಹೇಳಿದರೆ ಅವನ ಮಾನ ಉಳಿಯುತ್ತದೆ, ಅವಳ ಒಲೆ ಹೋಗುತ್ತದೆ. ಹೇಳಲಾರದೆ ಅವಳು ಅವನ ತಟ್ಟೆಗೆ ತುಪ್ಪ ಸುರಿದಳು.

"ಏನಮ್ಮಿ, ಇತ್ತೀಚೆಗೆ ತುಪ್ಪ ಜಾಸ್ತಿ ಆಯ್ತಲ್ಲ?" ಎಂದ ಬೈರಣ್ಣ.

"ಚಳಿ ಅಲ್ವಾ. ಚರ್ಮ ಒಡೆಯುತ್ತೆ."

"ಒಳಗಡೆ ಚರ್ಮಾನಾ?"

ಒಲೆ ಸಿದ್ಧವಾಯಿತು, ಭಾನುವಾರ ತಂದು ಕೂರಿಸುತ್ತೇನೆ ಎಂದು ಸಂಜೀವಪ್ಪ ಫೋನು ಮಾಡಿದ. "ಪೈಪು ಮೇಲಿಂದ ಇಳಿಸ್ಬೇಕು, ತಾರಸಿಗೆ ಹತ್ತಿ ಚಿಮಣಿ ಬಾಯಲ್ಲಿ ಬಿಡ್ತೀನಿ" ಎಂದೂ ಹೇಳಿದ. ವರಲಕ್ಷ್ಮಮ್ಮನಿಗೆ ಭೂಮಿ ಬಾಯಿ ಬಿಟ್ಟಂತಾಯಿತು. ಅವನು ಹತ್ತಿದ ಕೂಡಲೇ ಮೀಸೆಯ ಮಡಕೆ ಸಿಕ್ಕಿಬೀಳುತ್ತದೆ. ಮಗ ಲೆಕ್ಕ ಕೇಳುತ್ತಾನೆ, ಒಲೆಯನ್ನು ವಾಪಸು ಹೊಸಕೋಟೆಗೆ ಕಳಿಸುತ್ತಾರೆ. ಆ ಜಾಗಕ್ಕೆ ಟೀವಿ ಬರುತ್ತದೆ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ ಅವಳು ಸೆರಗು ಸೊಂಟಕ್ಕೆ ಸಿಗಿಸಿ, ಮೂಲೆಯಲ್ಲಿದ್ದ ಒನಕೆ ಎತ್ತಿಕೊಂಡು ತಾರಸಿಯ ಮೆಟ್ಟಿಲು ಹತ್ತಿದಳು. ಮೇಲೆ ಹೋದರೆ ಚಿಮಣಿಯ ಪಕ್ಕ ಸ್ಟೂಲಿನ ಮೇಲೆ ಬೈರಣ್ಣ ನಿಂತಿದ್ದ. ಕೈಯಲ್ಲಿ ಸುತ್ತಿಗೆ ಇತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀನ್ಯಾಕೆ ಬಂದೆ?"

"ಹಪ್ಪಳ ಒಣಗಾಕೋಕೆ."

"ಹಪ್ಪಳ ಎಲ್ಲಿ?"

"ಬಿಸ್ಲು ಐತಾ ಅಂತ ನೋಡೋಕೆ ಬಂದೆ ಮೊದ್ಲು."

"ಒನಕೆ ಯಾಕೆ?"

"ಕೋತಿ ಬಂದ್ರೆ ಇರ್ಲಿ ಅಂತ. ನಿಮಗ್ಯಾಕೆ ಸುತ್ತಿಗೆ?"

"ನಾನೂ ಕೋತಿಗೇ," ಎಂದ ಬೈರಣ್ಣ.

ಮೀಸೆಯ ಮಡಕೆ ಇಬ್ಬರ ನಡುವೆ ಹಲ್ಲು ಕಿರಿದುಕೊಂಡು ಕೂತಿತ್ತು. ವರಲಕ್ಷ್ಮಮ್ಮ ಒನಕೆಯನ್ನು ಗೋಡೆಗೆ ಒರಗಿಸಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಅಂಗಡೀಲಿ. ಆ ಟೈ ಹುಡುಗ ಕೇಳ್ದಾಗ. ನಿನ್ನ ಮುಖ ನೋಡ್ದೆ. ನಿಂಗೂ ಗೊತ್ತಾಯ್ತು ಅಂತ ಅನ್ನಿಸ್ತು."

"ಗೊತ್ತಾದ್ಮೇಲೂ ಸುಮ್ನಿದ್ರಾ? ಊರೆಲ್ಲ ಹೊಗೆ ಬೈರಣ್ಣ, ಹೊಗೆ ಬೈರಣ್ಣ ಅಂತಿದ್ರೆ, ಒಂದು ಮಾತು ಅಂದಿದ್ರೆ ಆಗೋಗ್ತಿತ್ತಲ್ಲ!"

ಬೈರಣ್ಣ ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ. "ಆವತ್ತು ಮಧ್ಯಾಹ್ನ ಹಸೂಗೆ ಬೂಸಾ ತಗೊಂಡೋಗೋಕೆ ಮನೆಗೆ ಬಂದಿದ್ದೆ. ನೀನು ಆ ರಟ್ಟಿನ ಮೇಲೆ ಖಾಲಿ ಮಡಕೆ ಇಟ್ಕೊಂಡು ತಿರುವ್ತಾ ಇದ್ದೆ. ಬಾಗ್ಲಲ್ಲೇ ನಿಂತು ನೋಡಿ ವಾಪಸ್ ಹೋದೆ. ಹೊಗೆ ಬೈರಣ್ಣ ಅಂದ್ರೆ ನನ್ನ ಗಂಟೇನು ಹೋಗುತ್ತೆ ಬಿಡು."

ವರಲಕ್ಷ್ಮಮ್ಮನಿಗೆ ಅಳು ಬಂತು. ಮದುವೆಯಾದಾಗಿನಿಂದ ಒಂದು ಸೀರೆಯನ್ನೂ ತಾನಾಗಿ ತಂದುಕೊಡದ ಗಂಡ, ತನಗಾಗಿ ಊರಿನ ನಗೆಯನ್ನೆಲ್ಲ ನುಂಗಿಕೊಂಡು ತಿರುಗಿದ್ದನಲ್ಲ ಎಂದು ಎದೆ ತುಂಬಿ ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಮಡಕೆ ತೆಗೆದ್ರೆ ಮನೆಗೆ ಕಣ್ಣು ಬಿದ್ರೆ?" ಎಂದಳು.

"ಇಷ್ಟು ಹೊಗೆ ಕಾರಿದ ಮನೆ ಮೇಲೆ ಯಾರು ಕಣ್ಣು ಹಾಕ್ತಾರೆ? ಸ್ಟೂಲು ಹಿಡ್ಕೋ."

ಹೊಡೆದ. ಸಿಮೆಂಟು ಬಿರಿಯಿತು. ಇನ್ನೊಂದು ಹೊಡೆದ. ಮಡಕೆ ಬಿರಿಯಿತು. ಹೊರಗೆ ಬೀಳಬೇಕಾದದ್ದು ಒಳಗೆ ಬಿತ್ತು. ಚಿಮಣಿಯುದ್ದಕ್ಕೂ ದಡದಡ ಸದ್ದಾಗಿ, ಕೆಳಗೆ ನಡುಮನೆಯಲ್ಲಿ ಢಂ ಎಂದಿತು. ಅದರ ಹಿಂದೆಯೇ ಒಂದು ಕಿರುಚು ಕೇಳಿಸಿತು. ಶನಿವಾರ ಅರ್ಧ ದಿನದ ಕೆಲಸ, ಅನಸೂಯ ಆಗಷ್ಟೇ ಒಳಗೆ ಕಾಲಿಟ್ಟಿದ್ದಳು.

ಇಬ್ಬರೂ ಇಳಿದು ಬಂದಾಗ ಬೆಂಕಿಗೂಡಿನಿಂದ ಸೋಫಾದವರೆಗೆ ಮಸಿ, ಗಾರೆ, ಮಡಕೆಯ ಚೂರು ಹರಡಿತ್ತು. ನಾಲ್ಕನೇ ಸಲ ಒಗೆದ ಕವರು ಕಪ್ಪಾಗಿತ್ತು. ಅನಸೂಯ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

"ಏನತ್ತೆ ಇದು?"

"ಕೋತಿ ಕಣಮ್ಮ," ಎಂದಳು ವರಲಕ್ಷ್ಮಮ್ಮ.

ಅನಸೂಯ ಬಗ್ಗಿ ಒಂದು ಚೂರು ಎತ್ತಿಕೊಂಡಳು. ಅದರ ಮೇಲೆ ಅರ್ಧ ಮೀಸೆ ಇತ್ತು. ಅದನ್ನು ನೋಡಿದಳು. ಗೂಡನ್ನು ನೋಡಿದಳು. ಅತ್ತೆಯ ಸಿಗಿಸಿದ ಸೆರಗನ್ನೂ, ಮಾವನ ಕೈಯಲ್ಲಿದ್ದ ಸುತ್ತಿಗೆಯನ್ನೂ ನೋಡಿದಳು.

"ಎಷ್ಟು ಕೋತಿ?"

"ಎರಡು," ಎಂದ ಬೈರಣ್ಣ. "ಒಂದು ಗಂಡು, ಒಂದು ಹೆಣ್ಣು."

ಅನಸೂಯ ಪೊರಕೆ ತಂದು ಮಾವನ ಕೈಗೆ ಕೊಟ್ಟು ಒಳಗೆ ಹೋದಳು. ಅವಳು ಬೈದಿದ್ದರೇ ಚೆನ್ನಾಗಿತ್ತು ಎಂದು ವರಲಕ್ಷ್ಮಮ್ಮನಿಗೆ ಅನ್ನಿಸಿತು.

ಭಾನುವಾರ ಸಂಜೀವಪ್ಪ ಒಲೆ ತಂದ. ಅದು ಗೂಡಿನೊಳಗೆ ಹೇಳಿ ಮಾಡಿಸಿದಂತೆ ಕೂತಿತು, ಹೇಳಿ ಮಾಡಿಸಿದ್ದೇ ತಾನೆ. ಮೇಲಿನ ತಗಡು ಮಾತ್ರ ಯಾರೂ ಹೇಳದಷ್ಟು ದಪ್ಪವಿತ್ತು. "ಯಜಮಾನ್ರು ಫೋನ್ ಮಾಡಿ ಇನ್ನೂ ದಪ್ಪ ಹಾಕು ಅಂದ್ರು," ಎಂದ ಸಂಜೀವಪ್ಪ. ಬೈರಣ್ಣ ಕಿಟಕಿಯ ಕಡೆ ನೋಡಿದ. ಪೈಪು ಇಳಿಯಿತು, ಸೌದೆ ಹತ್ತಿತು. ಬಾಗಿಲು ಮುಚ್ಚಿದ ಮೇಲೆ ಒಂದು ಎಳೆ ಹೊಗೆಯೂ ಮನೆಗೆ ಬರಲಿಲ್ಲ. ನೋಡಲು ಬೀದಿಯ ಹೆಂಗಸರೆಲ್ಲ ಬಂದಿದ್ದರು. ಅಮ್ಮಯಮ್ಮ ಮುಂಜಾಗ್ರತೆಗೆಂದು ಕೊಡದಲ್ಲಿ ನೀರು ತಂದೇ ಬಂದಿದ್ದಳು.

"ಅಂತೂ ಹೊಗೆ ಬೈರಣ್ಣನ ಗೂಡಿಗೆ ಒಂದು ಗತಿ ಆಯ್ತು," ಎಂದಳು ಅಮ್ಮಯಮ್ಮ. "ಕಟ್ಟೋಕೆ ಬರ್ದೇ ಇದ್ದೋರು ಯಾಕಾದ್ರೂ ಕಟ್ಟಿಸ್ಬೇಕೋ!"

ಎಲ್ಲರೂ ನಕ್ಕರು. ಬೈರಣ್ಣನೂ ನಕ್ಕ. ಅವನು ನಕ್ಕದ್ದನ್ನು ಮಾತ್ರ ವರಲಕ್ಷ್ಮಮ್ಮನಿಗೆ ಸಹಿಸಲಾಗಲಿಲ್ಲ.

"ಅವ್ರ ಗೂಡು ಸರಿಯಾಗೇ ಇತ್ತು!" ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ತಪ್ಪು ನಂದು. ನೀನು ಲೊಚಗುಟ್ಟಿ ಹೋದೆ ಅಂತ ದೃಷ್ಟಿ ಮಡಕೆ ತಂದು ಚಿಮಣಿ ಬಾಯಿಗೆ ಹಾಕ್ಸಿ ಸಿಮೆಂಟು ಮೆತ್ತಿಸ್ದೋಳು ನಾನು. ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ. ಈ ಒಲೆ ಬರ್ಲಿ ಅಂತ ಆಸೆ ಪಟ್ಟೆ."

ಹೆಂಗಸರೆಲ್ಲ ಅಮ್ಮಯಮ್ಮನ ಕಡೆ ತಿರುಗಿದರು.

"ಹಂಗಾದ್ರೆ ಈ ಒಲೆ ಬೇಕೇ ಇರ್ಲಿಲ್ಲ!" ಎಂದ ಉಮಾಶಂಕರ, ಬೆಪ್ಪಾಗಿ. "ಮಡಕೆ ತೆಗೆದಿದ್ರೆ ಸಾಕಾಗಿತ್ತು! ಅನಸೂಯ, ಕೇಳಿಸ್ಕೊಂಡ್ಯಾ?"

ಅನಸೂಯ ಅಲ್ಲಿರಲಿಲ್ಲ. ಅಟ್ಟದ ಏಣಿ ಕಿರುಗುಟ್ಟಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವಳು ಒಂದು ಕಂಕುಳಲ್ಲಿ ಹಳೇ ಮುದ್ದೆ ಮಡಕೆ, ಇನ್ನೊಂದರಲ್ಲಿ ರಾಗಿ ಹಿಟ್ಟಿನ ಡಬ್ಬ, ಕೈಯಲ್ಲಿ ಕೋಲು ಹಿಡಿದು ಬಂದಳು. ತಲೆಯ ಮೇಲೆ ಜೇಡರ ಬಲೆ ಹತ್ತಿತ್ತು. ಮಡಕೆಯನ್ನು ತಗಡಿನ ಮೇಲೆ ಕುಕ್ಕಿದಳು. ಅಮ್ಮಯಮ್ಮನ ಕೊಡ ಕಿತ್ತುಕೊಂಡು ಅದಕ್ಕೆ ನೀರು ಸುರಿದಳು.

"ಬೇಕಾಗಿತ್ತು ರೀ," ಎಂದಳು ಗಂಡನಿಗೆ. "ಕುಕ್ಕರ್ ಮುದ್ದೆ ಮಾಡೋಳು ನಾನು, ನಂಗೇ ಅದು ಗಂಟಲಲ್ಲಿ ಇಳಿಯಲ್ಲ. ಅತ್ತೆ, ಸಾರು ನಾನು ಮಾಡ್ತೀನಿ, ಹಿದುಕಿದ ಬೇಳೆ ಇದೆ. ಮುದ್ದೆ ನಿಮ್ದು. ಎಲ್ಲಾರ್ಗೂ ಆಗ್ಬೇಕು, ಅಮ್ಮಯಮ್ಮೋರಿಗೂ ಸೇರಿಸಿ."

"ಬಂದೋರು ಏನಂತಾರೆ?" ಎಂದಳು ವರಲಕ್ಷ್ಮಮ್ಮ, ನಂಬಲಾರದೆ.

"ತಿಂದ್ಮೇಲೆ ಕೇಳೋಣ."

ಕೀರ್ತನ ಮಣೆ ತಂದು ಹಾಕಿದಳು. ವರಲಕ್ಷ್ಮಮ್ಮ ಕೋಲು ಹಿಡಿದು ಕೂತಳು. ಎಸರು ಕುದಿಯಿತು, ಹಿಟ್ಟು ಬಿತ್ತು, ಮಡಕೆಯೊಳಗೆ ಗೊಟಗೊಟ ಸದ್ದೆದ್ದಿತು. ತಗಡು ಒಂದಿಷ್ಟೂ ಅಲುಗಲಿಲ್ಲ. ಅಮ್ಮಯಮ್ಮ ಬಾಗಿಲ ಗಾಜಿನಲ್ಲಿ ಬಗ್ಗಿ ಬೆಂಕಿ ನೋಡಿ ಲೊಚಗುಟ್ಟಲು ಹೋಗಿ, ಎಲ್ಲರೂ ತನ್ನನ್ನೇ ನೋಡುತ್ತಿದ್ದುದು ಕಂಡು ನಿಲ್ಲಿಸಿದಳು.

ಮುದ್ದೆ ಕಟ್ಟಿ ತಟ್ಟೆಗೆ ಇಟ್ಟು ನೋಡಿದರೆ ಬೈರಣ್ಣ ಕಾಣಲಿಲ್ಲ. ವರಲಕ್ಷ್ಮಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಅವನು ಬೀದಿಯ ನಡುವೆ ಸೊಂಟಕ್ಕೆ ಕೈ ಕೊಟ್ಟು, ಕತ್ತು ಎತ್ತಿ ನಿಂತಿದ್ದ. ಮನೆಯ ನೆತ್ತಿಯಿಂದ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಡೇರಿ ಹುಡುಗರನ್ನು ಹಿಡಿದು ನಿಲ್ಲಿಸಿ, "ನೋಡ್ರಪ್ಪಾ, ಸರಿಯಾಗಿ ನೋಡ್ರಿ" ಎನ್ನುತ್ತಿದ್ದ.

"ರೀ," ಎಂದು ಕೂಗಿದಳು ವರಲಕ್ಷ್ಮಮ್ಮ, ಇಡೀ ಬೀದಿಗೆ ಕೇಳುವ ಹಾಗೆ. "ಮುದ್ದೆ ಆರೋಗುತ್ತೆ, ಬನ್ನಿ!"

ಹೊಸ ಮನೆಗೆ ಬಂದ ಮೇಲೆ ಅವಳು ಆ ಮಾತು ಕೂಗಿದ್ದು ಅದೇ ಮೊದಲು.